ಗ್ರಹದ ಒಡಲಲ್ಲಿ ಗ್ರಹಕ್ಕಿಂತ ದೊಡ್ಡ ಲೋಕ: ಕಾಲ್ಪನಿಕ ಬಲಪ್ರದರ್ಶನಗಳನ್ನು ಅಳೆಯುವ ಸಮಗ್ರ ಮಾರ್ಗದರ್ಶಿ

ಕಥೆಯೊಂದರಲ್ಲಿ ಯೋಧನೊಬ್ಬ ಒಂದೇ ಏಟಿಗೆ ಗ್ರಹವೊಂದನ್ನು ಪುಡಿಮಾಡುತ್ತಾನೆ. ಆ ಗ್ರಹದ ಒಡಲಲ್ಲಿ ಇನ್ನೊಂದು ಲೋಕವಿದೆಯೆಂದು ನೂರಾರು ಪುಟಗಳ ಹಿಂದೆಯೇ ನಾವು ಓದಿರುತ್ತೇವೆ. ಅದಕ್ಕೆ ಅದರದೇ ಆಕಾಶ, ಅದರದೇ ಕಡಲು, ಅದರದೇ ನಕ್ಷತ್ರಗಳಿವೆ; ಹೊರಗಿನ ಗ್ರಹಕ್ಕಿಂತ ಅದು ಎಷ್ಟೋ ಪಟ್ಟು ವಿಶಾಲವಾಗಿದೆ. ಹಾಗಾದರೆ ಯೋಧ ಒಡೆದದ್ದು ಗ್ರಹವನ್ನೋ, ಒಳಲೋಕವನ್ನೋ? ಮಂಗಾ, ಆನಿಮೆ, ಕಾಮಿಕ್ಸ್, ವೆಬ್ ಕಾದಂಬರಿಗಳ ಪಾತ್ರಗಳ ಬಲವನ್ನು ಹೋಲಿಸುವವರಿಗೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಉತ್ತರ ಯಾವ ಕಡೆ ವಾಲುತ್ತದೆ ಎಂಬುದರ ಮೇಲೆ ಆ ಪಾತ್ರದ ಅಂದಾಜು ಬಲ ಹತ್ತು ಹದಿನೈದು ಸೊನ್ನೆಗಳಷ್ಟು ಮೇಲೆ ಕೆಳಗೆ ಆಗಿಬಿಡುತ್ತದೆ.

ಬಹುತೇಕರು ಇಲ್ಲಿ ಒಳಲೋಕದ ಗಾತ್ರವನ್ನೇ ಹಿಡಿದು ಲೆಕ್ಕಕ್ಕೆ ಕೂರುತ್ತಾರೆ. ನಾನೂ ಬಹಳ ಕಾಲ ಹಾಗೆಯೇ ಮಾಡುತ್ತಿದ್ದೆ. ಲೆಕ್ಕ ಸರಿಯಾಗಿಯೇ ಇರುತ್ತಿತ್ತು; ತಪ್ಪು ಇರುತ್ತಿದ್ದದ್ದು ಲೆಕ್ಕಕ್ಕೂ ಮೊದಲು. ಅಳೆಯಬೇಕಾದದ್ದು ಒಳಲೋಕ ಎಷ್ಟು ದೊಡ್ಡದು ಎಂಬುದನ್ನಲ್ಲ, ಗ್ರಹಕ್ಕೂ ಒಳಲೋಕಕ್ಕೂ ಇರುವ ಸಂಬಂಧ ಎಂಥದು ಮತ್ತು ಏಟಿನ ಎಷ್ಟು ಭಾಗ ಆ ಸಂಬಂಧವನ್ನು ದಾಟಿ ಒಳಗೆ ಹೋಯಿತು ಎಂಬುದನ್ನು. ಮುಂದಿನ ಹಂತಗಳೆಲ್ಲ ಈ ಒಂದು ವಿಷಯವನ್ನು ಖಚಿತಪಡಿಸಿಕೊಳ್ಳುವ ದಾರಿಗಳು.

ಹಂತ 1: ಪ್ರಸಂಗವನ್ನು ಇದ್ದ ಹಾಗೆಯೇ ಬರೆದುಕೊಳ್ಳಿ

ನೆನಪಿನಿಂದ ಲೆಕ್ಕ ಮಾಡಬೇಡಿ. ಪುಟವನ್ನು ಮತ್ತೆ ತೆರೆದು, ಅಲ್ಲಿ ಕಣ್ಣಿಗೆ ಕಂಡದ್ದೇನು, ನಿರೂಪಕ ಹೇಳಿದ್ದೇನು, ಪಾತ್ರವೊಂದು ಹೇಳಿದ್ದೇನು ಎಂಬುದನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕಥೆಯಲ್ಲಿ ಎರಡೇ ವಾಕ್ಯಗಳಿವೆ ಎಂದುಕೊಳ್ಳಿ: "ಗ್ರಹ ಸಿಡಿಯಿತು. ಒಳಲೋಕದಿಂದ ಬರುತ್ತಿದ್ದ ದನಿ ನಿಂತುಹೋಯಿತು." ಓದಿದ ಕೂಡಲೇ ನಮ್ಮ ಮನಸ್ಸು "ಒಳಲೋಕ ನಾಶವಾಯಿತು" ಎಂಬ ಮೂರನೆಯ ವಾಕ್ಯವನ್ನು ತಾನಾಗಿಯೇ ಸೇರಿಸಿಕೊಳ್ಳುತ್ತದೆ. ಆದರೆ ಆ ವಾಕ್ಯ ಪುಟದಲ್ಲಿ ಇಲ್ಲ. ದನಿ ನಿಲ್ಲಲು ಒಳಲೋಕ ನಾಶವಾಗಲೇಬೇಕೆಂದಿಲ್ಲ, ಅಲ್ಲಿಗಿದ್ದ ದಾರಿ ಮುಚ್ಚಿಹೋದರೂ ಸಾಕು. ನಾನು ನೋಡಿದ ವಿವಾದಗಳಲ್ಲಿ ಅರ್ಧಕ್ಕರ್ಧ ಇಂಥ ಮೂರನೆಯ ವಾಕ್ಯದ ಮೇಲೆಯೇ ನಿಂತಿದ್ದವು.

ಮುಂದಿನ ಅಧ್ಯಾಯಗಳನ್ನೂ ನೋಡುವುದು ಇದೇ ಹಂತದ ಕೆಲಸ. ಒಳಲೋಕದ ನಿವಾಸಿಗಳು ಆಮೇಲೆ ಎಲ್ಲಾದರೂ ಕಾಣಿಸಿಕೊಂಡರೇ, ಯಾರಾದರೂ ಅವರಿಗಾಗಿ ಶೋಕಿಸಿದರೇ, ಅಲ್ಲಿಂದ ಶಕ್ತಿ ಪಡೆಯುತ್ತಿದ್ದ ಪಾತ್ರಗಳು ದುರ್ಬಲವಾದವೇ ಎಂಬುದು ಸ್ಫೋಟದ ಚಿತ್ರಕ್ಕಿಂತ ಹೆಚ್ಚಿನ ಸಾಕ್ಷ್ಯವನ್ನು ಕೊಡಬಲ್ಲದು.

ಹಂತ 2: 'ಲೋಕ' ಎಂದರೆ ಏನೆಂದು ಕೇಳಿ

ಕನ್ನಡದಲ್ಲಿ 'ಲೋಕ' ಎಂಬ ಪದ ಎಷ್ಟು ಸಡಿಲವೆಂದು ನಮಗೆಲ್ಲ ಗೊತ್ತು. "ಲೋಕ ಏನನ್ನುತ್ತದೋ" ಎನ್ನುವಾಗ ಲೋಕವೆಂದರೆ ಸುತ್ತಲಿನ ನಾಲ್ಕು ಜನ. "ಮೂರು ಲೋಕದಲ್ಲೂ ಇಲ್ಲ" ಎನ್ನುವಾಗ ಅದು ಇರುವುದೆಲ್ಲದರ ಒಂದು ಭಾಗ. "ಅವನದೇ ಲೋಕದಲ್ಲಿದ್ದಾನೆ" ಎನ್ನುವಾಗ ಅದು ಒಬ್ಬನ ತಲೆಯೊಳಗಿನ ಕಲ್ಪನೆ. ಜಗತ್ತು, ಪ್ರಪಂಚ, ವಿಶ್ವ, ಬ್ರಹ್ಮಾಂಡ ಎಂಬ ಪದಗಳೂ ಹೀಗೆಯೇ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತವೆ. ಬೇರೆ ಭಾಷೆಗಳಲ್ಲೂ ಈ ಸಡಿಲತೆ ಇರುವುದರಿಂದ, ಅನುವಾದದಲ್ಲಿ 'ವಿಶ್ವ' ಎಂದು ಬಂದಿರುವುದು ಮೂಲದಲ್ಲಿ ಒಂದು ಭೂಖಂಡವನ್ನೋ ಒಂದು ರಾಜ್ಯವನ್ನೋ ಸೂಚಿಸುತ್ತಿರಬಹುದು. ಆದ್ದರಿಂದ ಪದದ ನಿಘಂಟಿನ ಅರ್ಥವನ್ನು ಬದಿಗಿಟ್ಟು, ಅದೇ ಕೃತಿ ಅದೇ ಪದವನ್ನು ಬೇರೆ ಸಂದರ್ಭಗಳಲ್ಲಿ ಯಾವುದಕ್ಕೆ ಬಳಸಿದೆ ಎಂದು ಹುಡುಕಿ. ಹತ್ತು ಕಡೆ 'ವಿಶ್ವ' ಎಂದರೆ ಆ ಗ್ರಹದ ನಾಗರಿಕತೆ ಎಂದಾಗಿದ್ದು, ಹನ್ನೊಂದನೆಯ ಕಡೆ ಮಾತ್ರ ಅದು ಇಡೀ ಬ್ರಹ್ಮಾಂಡವಾಗಬೇಕೆಂದು ನಾವು ಹಟ ಹಿಡಿಯುವುದು ನ್ಯಾಯವಲ್ಲ.

'ಅನಂತ' ಎಂಬ ಪದಕ್ಕೂ ಇದೇ ಎಚ್ಚರಿಕೆ ಬೇಕು. ನಡೆದು ಸುಸ್ತಾದವನು ಮರುಭೂಮಿಯನ್ನು ಅನಂತವೆನ್ನುತ್ತಾನೆ. ಅದು ಅಳತೆಯಲ್ಲ, ಆಯಾಸ.

ಹಂತ 3: ಗ್ರಹಕ್ಕೂ ಒಳಲೋಕಕ್ಕೂ ಇರುವ ಸಂಬಂಧವನ್ನು ಗುರುತಿಸಿ

ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ. 'ಒಳಗಿದೆ' ಎಂಬ ಒಂದೇ ಮಾತಿನಲ್ಲಿ ಕಥೆಗಾರರು ಕನಿಷ್ಠ ಐದು ಬೇರೆ ಬೇರೆ ಏರ್ಪಾಡುಗಳನ್ನು ಹೇಳುತ್ತಾರೆ.

ಮೊದಲನೆಯದು ಬಾಗಿಲು. ಗ್ರಹದ ಗುಹೆಯೊಂದರಲ್ಲಿ, ಕಡಲ ತಳದಲ್ಲಿ ಅಥವಾ ಗರ್ಭದಲ್ಲಿ ಒಂದು ದ್ವಾರವಿದೆ. ದಾಟಿದರೆ ಇನ್ನೊಂದು ಲೋಕ. ಇಲ್ಲಿ ಒಳಲೋಕ ಗ್ರಹದ ಒಳಗಿಲ್ಲವೇ ಇಲ್ಲ, ಅದಕ್ಕೆ ಹೋಗುವ ದಾರಿ ಮಾತ್ರ ಇದೆ. ಗ್ರಹ ಒಡೆದವನು ಬಾಗಿಲು ಒಡೆದಿದ್ದಾನೆ, ಮನೆಯನ್ನಲ್ಲ. ಗುರುತು ಹಿಡಿಯುವುದು ಸುಲಭ: ಅದೇ ಲೋಕಕ್ಕೆ ಬೇರೆ ಗ್ರಹದಿಂದಲೂ ದಾರಿ ಇದ್ದರೆ, ಅಥವಾ ದ್ವಾರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಹುದಾದರೆ, ಅದು ಬಾಗಿಲೇ.

ಎರಡನೆಯದು ಹಿಗ್ಗಿದ ಅವಕಾಶ, ಅಂದರೆ ಹೊರಗಿನಿಂದ ಚಿಕ್ಕದಾಗಿ ಕಂಡು ಒಳಗೆ ನಿಜವಾಗಿಯೂ ವಿಶಾಲವಾಗಿರುವ ಜಾಗ. ಇದು ಬರೀ ಮಾಂತ್ರಿಕ ಕಲ್ಪನೆಯಲ್ಲ. ಗುರುತ್ವವನ್ನು ವಿವರಿಸುವ ಐನ್‌ಸ್ಟೈನ್‌ರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳೇ ಇಂಥ ಆಕಾರಗಳಿಗೆ ಎಡೆಕೊಡುತ್ತವೆ. ಭೌತವಿಜ್ಞಾನಿ ಜಾನ್ ವೀಲರ್ ಅಂಥದೊಂದನ್ನು 'ಚಿನ್ನದ ಚೀಲ' ಎಂದು ಕರೆದಿದ್ದರು. ಹೊರಗಿನಿಂದ ಕಿರಿದಾದ ಕತ್ತು ಮತ್ತು ಸಣ್ಣ ದ್ರವ್ಯರಾಶಿ ಮಾತ್ರ ಕಾಣುತ್ತದೆ. ಕತ್ತಿನ ಆಚೆಗೆ ಎಷ್ಟು ದೊಡ್ಡ ಚೀಲವಿದೆ ಎಂಬುದು ಹೊರಗಿನ ಗುರುತ್ವದಿಂದ ತಿಳಿಯುವುದೇ ಇಲ್ಲ. ನಮ್ಮ ಕೆಲಸಕ್ಕೆ ಈ ಅಂಶ ಬಹಳ ಮುಖ್ಯ. ಒಳಗೆ ಎಷ್ಟೇ ನಕ್ಷತ್ರಗಳಿರಲಿ, ಹೊರಗಿನವನ ಮಟ್ಟಿಗೆ ಅವುಗಳ ತೂಕ ಕನ್ನಡಿಯೊಳಗಿನ ಗಂಟಿನಂತೆ ಕೈಗೆ ಹತ್ತದೇ ಇರಬಹುದು.

ಮೂರನೆಯದು ಕುಗ್ಗಿಸಿದ ಲೋಕ. ಒಳಗಿನವರು ಅಣುವಿನಷ್ಟು ಚಿಕ್ಕವರಾದ್ದರಿಂದ ಅವರಿಗೆ ಅದು ಮಹಾವಿಶಾಲವಾಗಿ ಕಾಣುತ್ತದೆ, ಅಷ್ಟೇ. ಒಳಗೆ ಹೋಗುವ ನಾಯಕನೂ ಕುಗ್ಗುತ್ತಾನೆಯೇ ಎಂದು ನೋಡಿ. ಕುಗ್ಗುವುದಾದರೆ ಒಳಗಿನ 'ಸಾವಿರ ಯೋಜನ' ಹೊರಗಿನ ಒಂದು ಅಂಗೈ ಆಗಿರಬಹುದು.

ನಾಲ್ಕನೆಯದು ಆಧಾರವಿರುವ ಲೋಕ: ಕನಸು, ನೆನಪು, ಮಂತ್ರ, ಯಂತ್ರ ಅಥವಾ ಗಣಕದೊಳಗಿನ ಅನುಕರಣೆಯ ಮೇಲೆ ನಿಂತದ್ದು. ಒಂದು ಮೆಮೊರಿ ಕಾರ್ಡ್‌ನಲ್ಲಿ ಲಕ್ಷಾಂತರ ಕಿಲೋಮೀಟರ್ ವಿಸ್ತಾರದ ಆಟದ ನಕ್ಷೆಯನ್ನು ತುಂಬಿಡಬಹುದು. ಅದನ್ನು ಬೆರಳುಗಳ ನಡುವೆ ಮುರಿದವನು ಲಕ್ಷಾಂತರ ಕಿಲೋಮೀಟರ್ ನೆಲವನ್ನು ಮುರಿದಂತಾಗುವುದಿಲ್ಲ. ಗ್ರಹದ ಗರ್ಭದಲ್ಲಿ ಮಲಗಿರುವ ದೇವತೆಯ ಕನಸೇ ಒಳಲೋಕವೆಂದು ಕಥೆ ಹೇಳಿದ್ದರೆ, ಗ್ರಹ ಒಡೆದಾಗ ನಿಜವಾಗಿ ನಡೆದದ್ದು ದೇವತೆಯ ನಿದ್ದೆ ಕೆಟ್ಟದ್ದು.

ಐದನೆಯದರಲ್ಲಿ ಮಾತ್ರ ಒಳಲೋಕ ಗ್ರಹದ ವಸ್ತುವಿನ ಜೊತೆ ನೇರವಾಗಿ ಬೆಸೆದುಕೊಂಡಿರುತ್ತದೆ: ಒಳಗೆ ಬೆಟ್ಟ ಕುಸಿದರೆ ಹೊರಗೆ ನೆಲ ನಡುಗುತ್ತದೆ, ಹೊರಗಿನ ಗಾಯ ಒಳಗಿನ ಆಕಾಶದಲ್ಲಿ ಬಿರುಕಾಗಿ ಕಾಣುತ್ತದೆ. ಒಳಲೋಕದ ಇಡೀ ಗಾತ್ರವನ್ನು ಯೋಧನ ಲೆಕ್ಕಕ್ಕೆ ಸೇರಿಸುವ ಹಕ್ಕು ನಮಗೆ ಸಿಗುವುದು ಈ ಬಗೆಯಲ್ಲಿ, ಅದೂ ಏಟು ಎರಡೂ ಕಡೆ ಸಮನಾಗಿ ಹಬ್ಬಿತೆಂದು ತೋರಿಸಿದ್ದಾಗ ಮಾತ್ರ.

ಸಂಬಂಧವನ್ನು ಪತ್ತೆ ಮಾಡಲು ನಾನು ಹುಡುಕುವ ಮೊದಲ ಸಾಕ್ಷ್ಯ ಗ್ರಹ ಒಡೆಯುವ ದೃಶ್ಯವಲ್ಲ, ಅದಕ್ಕೂ ಹಿಂದಿನ ಸಣ್ಣ ಘಟನೆಗಳು. ಒಳಗೆ ಭಾರೀ ಯುದ್ಧ ನಡೆದಾಗ ಹೊರಗಿನವರಿಗೆ ಏನಾದರೂ ತಿಳಿಯಿತೇ? ಒಳಗೊಂದು ನಕ್ಷತ್ರ ಸಿಡಿದರೂ ಹೊರಗಿನ ಹಳ್ಳಿಯಲ್ಲಿ ದೀಪದ ಜ್ವಾಲೆ ಅಲುಗದಿದ್ದರೆ, ಎರಡರ ನಡುವೆ ಶಕ್ತಿ ಹರಿಯುವುದಿಲ್ಲವೆಂದು ಕಥೆಯೇ ಒಪ್ಪಿಕೊಂಡಂತೆ. ಒಳಗಿನಿಂದ ಹೊರಕ್ಕೆ ಹರಿಯದ ಶಕ್ತಿ, ಹೊರಗಿನಿಂದ ಒಳಕ್ಕೆ ತಾನಾಗಿ ಹರಿಯಿತೆಂದು ಹೇಳಬೇಕಾದರೆ ಬೇರೆಯೇ ಪುರಾವೆ ಬೇಕು.

ಹಂತ 4: ಹೊರಗಿನ ದ್ರವ್ಯರಾಶಿಯನ್ನು ಹೊರಗಿನ ಸಾಕ್ಷ್ಯದಿಂದಲೇ ತೆಗೆಯಿರಿ

ಗ್ರಹಕ್ಕೆ ಉಪಗ್ರಹವೊಂದಿದ್ದರೆ ಇದು ಸಾಧ್ಯ. ಉಪಗ್ರಹದ ದೂರದ ಘನವನ್ನು ಅದರ ಸುತ್ತಿನ ಅವಧಿಯ ವರ್ಗದಿಂದ ಭಾಗಿಸಿದರೆ, ಗುರುತ್ವ ಸ್ಥಿರಾಂಕದ ನೆರವಿನಿಂದ ನಡುವಿನ ಕಾಯದ ದ್ರವ್ಯರಾಶಿ ಸಿಗುತ್ತದೆ; ಕೆಪ್ಲರ್‌ನ ಮೂರನೆಯ ನಿಯಮಕ್ಕೆ ನ್ಯೂಟನ್ ಕೊಟ್ಟ ರೂಪವಿದು. ನಮ್ಮ ಚಂದ್ರನ 3,84,400 ಕಿ.ಮೀ. ದೂರ ಮತ್ತು 27.3 ದಿನಗಳ ಅವಧಿಯನ್ನು ಹಾಕಿ ನೋಡಿದರೆ ಸುಮಾರು 6 × 10²⁴ ಕಿಲೋಗ್ರಾಂ (6ರ ಮುಂದೆ 24 ಸೊನ್ನೆ) ಬರುತ್ತದೆ. ಕಥೆಯ ಗ್ರಹದಲ್ಲಿಯೂ ಚಂದ್ರ ನಮ್ಮ ಚಂದ್ರನಷ್ಟೇ ದೂರದಲ್ಲಿ, ತಿಂಗಳಿಗೊಂದು ಸುತ್ತು ಬರುತ್ತಿದ್ದರೆ, ಒಳಗೆ ಸಾವಿರ ಸೂರ್ಯರಿದ್ದರೂ ಅವುಗಳ ಗುರುತ್ವ ಹೊರಗೆ ಬರುತ್ತಿಲ್ಲ. ಅಂಥ ಗ್ರಹವನ್ನು ತಳ್ಳಿದವನು ತಳ್ಳಿದ್ದು ಭೂಮಿಯಷ್ಟು ದ್ರವ್ಯರಾಶಿಯನ್ನು ಮಾತ್ರ. ಅದನ್ನು ನಿಶ್ಚಲ ಸ್ಥಿತಿಯಿಂದ ಸೆಕೆಂಡಿಗೆ 1 ಕಿ.ಮೀ. ವೇಗಕ್ಕೆ ತಂದರೆ ಬೇಕಾಗುವ ಚಲನಶಕ್ತಿ ಸುಮಾರು 3 × 10³⁰ ಜೂಲ್ (ಜೂಲ್ ಎಂದರೆ ಶಕ್ತಿಯ ಅಳತೆಮಾನ). ಒಳಲೋಕದ ವಿಸ್ತಾರವನ್ನು ಈ ಅಂಕಿಗೆ ಗುಣಿಸಲು ಕಾರಣವೇ ಇಲ್ಲ.

ಆದರೆ ಇದೇ ಪುರಾವೆ ಒಳಲೋಕ ಚಿಕ್ಕದೆಂದು ತೋರಿಸುವುದಿಲ್ಲ. ಚಿನ್ನದ ಚೀಲದ ಉದಾಹರಣೆ ಹೇಳುವುದು ಅದನ್ನೇ. ಹೊರಗಿನ ಗುರುತ್ವ ಹೊರಗಿನವನ ಹೊರೆಯನ್ನು ತಿಳಿಸುತ್ತದೆ, ಒಳಗಿನ ವಿಸ್ತಾರವನ್ನಲ್ಲ.

ಹಂತ 5: ಒಳಲೋಕದ ಗಾತ್ರವನ್ನು ಪರೀಕ್ಷಿಸಿ

ಒಳಲೋಕದ ಆಕಾಶದಲ್ಲಿ ನಕ್ಷತ್ರಗಳು ಕಂಡ ಮಾತ್ರಕ್ಕೆ ಅದು ಜ್ಯೋತಿರ್ವರ್ಷಗಳಷ್ಟು ವಿಶಾಲವೆಂದು ಬರೆದುಕೊಳ್ಳಬೇಡಿ. ನಮ್ಮ ಸೂರ್ಯನಿಗೆ ಅತಿ ಸಮೀಪದ ನಕ್ಷತ್ರ 4.24 ಜ್ಯೋತಿರ್ವರ್ಷ ದೂರದಲ್ಲಿದೆ, ನಿಜ; ಆದರೆ ಆ ದೂರವನ್ನು ನಾವು ಆಕಾಶದ ಚುಕ್ಕಿಯನ್ನು ಬರಿಗಣ್ಣಿನಿಂದ ನೋಡಿ ತಿಳಿದದ್ದಲ್ಲ, ವರ್ಷದ ಬೇರೆ ಬೇರೆ ಕಾಲದಲ್ಲಿ ಅದು ಎಷ್ಟು ಸರಿದಂತೆ ಕಾಣುತ್ತದೆ ಎಂದು ಅಳೆದು ತಿಳಿದದ್ದು. ಒಳಲೋಕದ ಚುಕ್ಕಿಗಳು ಚಾವಣಿಗೆ ಅಂಟಿಸಿದ ಮಣಿಗಳೂ ಆಗಿರಬಹುದು. ಯಾರಾದರೂ ಅಲ್ಲಿಗೆ ಹೋಗಿದ್ದಾರೆಯೇ, ಆ ನಕ್ಷತ್ರದ ಸುತ್ತ ಬೇರೆ ಗ್ರಹವಿದೆಯೆಂದು ಕಥೆ ತೋರಿಸಿದೆಯೇ, ಒಳಗಿನ ಖಗೋಳಜ್ಞರು ಅಳೆದಿದ್ದಾರೆಯೇ ಎಂಬುದನ್ನು ನೋಡಿ.

ಪ್ರಯಾಣದ ಅವಧಿಯಿಂದ ಗಾತ್ರ ತೆಗೆಯುವಾಗ ಗಡಿಯಾರದ ವಿಷಯ ಮರೆಯಬಾರದು. ಇಂಥ ಕಥೆಗಳಲ್ಲಿ ಒಳಗೆ ಕಾಲ ಬೇರೆ ವೇಗದಲ್ಲಿ ಓಡುವುದು ತೀರಾ ಸಾಮಾನ್ಯ. ಹೊರಗಿನ ಒಂದು ದಿನಕ್ಕೆ ಒಳಗೆ 365 ದಿನಗಳು ಕಳೆಯುತ್ತವೆ ಎಂದುಕೊಳ್ಳಿ. ನಾಯಕ ಒಳಗೆ 10,000 ಕಿ.ಮೀ. ದಾಟಿ ಮರುದಿನ ಹೊರಬಂದ. ಹೊರಗಿನ ಗಡಿಯಾರದಲ್ಲಿ ಅವನ ವೇಗ ಗಂಟೆಗೆ ಸುಮಾರು 417 ಕಿ.ಮೀ.; ಒಳಗಿನ ಗಡಿಯಾರದಲ್ಲಿ ಗಂಟೆಗೆ 1.1 ಕಿ.ಮೀ. ಚೂರು ಹೆಚ್ಚು, ಅಂದರೆ ಮಧ್ಯೆ ಮಧ್ಯೆ ವಿಶ್ರಮಿಸುತ್ತ ನಡೆದವನ ಸರಾಸರಿ. ಅವನ ಕಾಲುಗಳು ಓಡಾಡಿದ್ದು ಒಳಗಿನ ನೆಲದ ಮೇಲೆ ಆದ್ದರಿಂದ ಒಳಗಿನ ಗಡಿಯಾರವೇ ಪ್ರಮಾಣ. ಇದೇ ತರ್ಕ ತಿರುಗುಮುರುಗಾಗಿಯೂ ಅನ್ವಯಿಸುತ್ತದೆ: ಹೊರಗಿನ ಒಂದು ಕ್ಷಣದಲ್ಲಿ ನಾಶವಾದಂತೆ ಕಂಡ ಒಳಲೋಕ, ಒಳಗಿನವರ ಲೆಕ್ಕದಲ್ಲಿ ದಿನಗಟ್ಟಲೆ ಕುಸಿದಿರಬಹುದು.

ಹಂತ 6: ಕ್ರಿಯಾಪದವನ್ನು ಹಿಡಿಯಿರಿ

ಒಡೆಯುವುದು, ಎತ್ತುವುದು, ತಳ್ಳುವುದು, ನಡುಗಿಸುವುದು, ಸೃಷ್ಟಿಸುವುದು, ಏಟು ತಾಳಿಕೊಳ್ಳುವುದು ಬೇರೆ ಬೇರೆ ಕೆಲಸಗಳು. ಒಂದರ ಅಂಕಿ ಇನ್ನೊಂದಕ್ಕೆ ಸಲ್ಲದು. ವಿಶೇಷವಾಗಿ ಸೃಷ್ಟಿಯ ಪ್ರಸಂಗಗಳಲ್ಲಿ ದ್ರವ್ಯರಾಶಿಯನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿ ಬಿಡುವ ಅಭ್ಯಾಸವಿದೆ. ಭೂಮಿಯಷ್ಟು ವಸ್ತುವಿಗೆ ಇದು 5.4 × 10⁴¹ ಜೂಲ್ ಆಗುತ್ತದೆ, ಅದೇ ಭೂಮಿಯನ್ನು ಚೆದುರಿಸಲು ಬೇಕಾದುದರ ಸುಮಾರು 240 ಕೋಟಿ ಪಟ್ಟು. ಶಕ್ತಿಯನ್ನೇ ವಸ್ತುವಾಗಿ ಮಾರ್ಪಡಿಸಿದನೆಂದು ಕೃತಿ ಸ್ಪಷ್ಟವಾಗಿ ಹೇಳದ ಹೊರತು ಈ ದಾರಿ ಹಿಡಿಯಬೇಡಿ. ಮಂತ್ರವಾದಿ ಎಲ್ಲಿಂದಲೋ ತಂದು ಇಟ್ಟಿರಬಹುದು.

ಒಡೆಯುವುದರಲ್ಲೂ ಎರಡು ಬಗೆ. ಒಂದು, ಯೋಧನ ಶಕ್ತಿಯೇ ವಸ್ತುವನ್ನು ಚೂರುಚೂರಾಗಿ ದೂರ ಎಸೆದದ್ದು. ಇನ್ನೊಂದು, ಅವನು ಆಧಾರವನ್ನು ತೆಗೆದ ಮೇಲೆ ಮಿಕ್ಕಿದ್ದು ತಾನಾಗಿಯೇ ಕುಸಿದದ್ದು. ಎರಡನೆಯದರಲ್ಲಿ ಯೋಧನ ಪಾಲಿಗೆ ಬರುವುದು ಆಧಾರದ ಬೆಲೆ ಮಾತ್ರ. ಕಮಾನಿನ ನಡುಗಲ್ಲನ್ನು ಕಿತ್ತವನಿಗೆ ಇಡೀ ಕಟ್ಟಡವನ್ನು ಎತ್ತುವ ತಾಕತ್ತಿದೆ ಎಂದು ಯಾರೂ ಹೇಳುವುದಿಲ್ಲ.

ಹಂತ 7: ಲೆಕ್ಕ ಮಾಡಿ, ಆದರೆ ಒಂದಲ್ಲ, ಹಲವು

ಗ್ರಹವನ್ನು ಮತ್ತೆ ಒಟ್ಟುಗೂಡದಂತೆ ಚೆದುರಿಸಲು ಅದರ ಗುರುತ್ವ ಬಂಧನ ಶಕ್ತಿಯನ್ನು, ಅಂದರೆ ಗುರುತ್ವ ಅದರ ಭಾಗಗಳನ್ನು ಒಟ್ಟಿಗೆ ಹಿಡಿದಿಟ್ಟಿರುವ ಶಕ್ತಿಯನ್ನು ಮೀರಬೇಕು. ಒಳಗೆಲ್ಲ ಒಂದೇ ಸಾಂದ್ರತೆಯ ಗೋಳವೆಂದು ಭಾವಿಸಿದರೆ ಅದು ಗುರುತ್ವ ಸ್ಥಿರಾಂಕವನ್ನು ದ್ರವ್ಯರಾಶಿಯ ವರ್ಗದಿಂದ ಗುಣಿಸಿ, ತ್ರಿಜ್ಯದಿಂದ ಭಾಗಿಸಿ, ಐದರಲ್ಲಿ ಮೂರು ಪಾಲು ತೆಗೆದುಕೊಂಡಷ್ಟು. ಭೂಮಿಗೆ ಇದು 2.24 × 10³² ಜೂಲ್. ಸೂರ್ಯ ಒಂದು ವಾರದಲ್ಲಿ ಎಲ್ಲ ದಿಕ್ಕಿಗೂ ಸೂಸುವ ಒಟ್ಟು ಶಕ್ತಿಗೆ ಹತ್ತಿರದ ಮೊತ್ತ. ಭೂಮಿಯ ನಡುಭಾಗ ಹೆಚ್ಚು ಸಾಂದ್ರವಾಗಿರುವುದರಿಂದ ನಿಜವಾದ ಅಂಕಿ ಸ್ವಲ್ಪ ಹೆಚ್ಚು, ಆದರೆ ನಮ್ಮ ಕೆಲಸಕ್ಕೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಈಗ ಒಂದು ಕಲ್ಪಿತ ಪ್ರಸಂಗ. ಹೊರಗ್ರಹ ಭೂಮಿಯಷ್ಟೇ ದೊಡ್ಡದು. ಒಳಲೋಕದ ಅಗಲ ಅದರ 1,000 ಪಟ್ಟು ಎಂದು ನಿರೂಪಕನೇ ಹೇಳಿದ್ದಾನೆ. ಅಲ್ಲಿ ನಾಯಕ ಮಾಮೂಲಿಯಾಗಿ ನಡೆದಾಡುತ್ತಾನೆ, ಮಕ್ಕಳು ಚೆಂಡಾಡುತ್ತಾರೆ. ಕೊನೆಗೆ ಖಳನಾಯಕ ಗ್ರಹವನ್ನು ಒಡೆಯುತ್ತಾನೆ, ಒಳಲೋಕ ಇಲ್ಲವಾಗುತ್ತದೆ.

ಮೊದಲ ಊಹೆ: ಒಳಲೋಕವೂ ಭೂಮಿಯ ಸಾಂದ್ರತೆಯ ಗೋಳ. ಸಾಂದ್ರತೆ ಬದಲಾಗದಿದ್ದರೆ ಬಂಧನ ಶಕ್ತಿ ತ್ರಿಜ್ಯದ ಐದನೇ ಘಾತದಂತೆ ಏರುತ್ತದೆ. 1,000 ಪಟ್ಟು ತ್ರಿಜ್ಯಕ್ಕೆ 10¹⁵ ಪಟ್ಟು ಶಕ್ತಿ, ಅಂದರೆ 2.2 × 10⁴⁷ ಜೂಲ್. ಬೃಹತ್ ನಕ್ಷತ್ರವೊಂದರ ಗರ್ಭ ಕುಸಿದು ಸೂಪರ್‌ನೋವಾ ಆದಾಗ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳೂ ಸೇರಿ ಹೊರಬೀಳುವ ಶಕ್ತಿ ಸುಮಾರು 10⁴⁶ ಜೂಲ್. ನಮ್ಮ ಅಂಕಿ ಅದನ್ನೂ ಮೀರಿತು. ಸಾಮಾನ್ಯವಾಗಿ ಲೆಕ್ಕ ಮಾಡುವವರು ಇಲ್ಲಿಗೆ ಪೆನ್ನು ಕೆಳಗಿಡುತ್ತಾರೆ.

ಆದರೆ ಚೆಂಡಾಡುವ ಮಕ್ಕಳನ್ನು ಮರೆಯಬೇಡಿ. ಅದೇ ಸಾಂದ್ರತೆಯಲ್ಲಿ ತ್ರಿಜ್ಯ 1,000 ಪಟ್ಟಾದರೆ ಮೇಲ್ಮೈ ಗುರುತ್ವವೂ 1,000 ಪಟ್ಟಾಗುತ್ತದೆ. 20 ಕಿಲೋ ತೂಗುವ ಮಗು ಅಲ್ಲಿ ನಮ್ಮ ಲೆಕ್ಕದ 20,000 ಕಿಲೋ ತೂಗಬೇಕು. ಚೆಂಡು ಕೈಬಿಟ್ಟ ಕ್ಷಣವೇ ನೆಲಕ್ಕೆ ಬಡಿದು ಚಪ್ಪಟೆಯಾಗಬೇಕು. ಕಥೆಯಲ್ಲಿ ಚೆಂಡು ಮೇಲಕ್ಕೆ ಹಾರಿ, ನಿಧಾನವಾಗಿ ಇಳಿದು, ಮಗುವಿನ ಕೈಸೇರುತ್ತದೆ. ಆ ಒಂದು ಚಿತ್ರ ಮೊದಲ ಊಹೆಯನ್ನು ಉರುಳಿಸಲು ಸಾಕು.

ಎರಡನೇ ಊಹೆ: ಗೋಳವೇ, ಆದರೆ ಮೇಲ್ಮೈ ಗುರುತ್ವ ಭೂಮಿಯದೇ. ಆಗ ದ್ರವ್ಯರಾಶಿ 10 ಲಕ್ಷ ಭೂಮಿಗಳಷ್ಟು, ಹೆಚ್ಚುಕಡಿಮೆ ಮೂರು ಸೂರ್ಯರಷ್ಟು; ಬಂಧನ ಶಕ್ತಿ 2.2 × 10⁴¹ ಜೂಲ್. ಮೊದಲ ಊಹೆಗಿಂತ 10 ಲಕ್ಷ ಪಟ್ಟು ಕಡಿಮೆ! ಆದರೆ ಇದರಲ್ಲೂ ತೊಡಕಿದೆ: ಸರಾಸರಿ ಸಾಂದ್ರತೆ ಘನ ಮೀಟರಿಗೆ ಐದೂವರೆ ಕಿಲೋಗ್ರಾಂಗೆ ಇಳಿಯುತ್ತದೆ, ಗಾಳಿಯ ನಾಲ್ಕೈದು ಪಟ್ಟು ಮಾತ್ರ. ಬಂಡೆಯ ನೆಲವಿರುವ ಲೋಕ ಹೀಗಿರಬೇಕಾದರೆ ಒಳಗೆ ಟೊಳ್ಳಾಗಿರಬೇಕು.

ಮೂರನೇ ಊಹೆ: ಒಳಲೋಕ ಚಪ್ಪಟೆ ತಟ್ಟೆ. ಭೂಮಿಯ ಸಾಂದ್ರತೆಯ ವಿಶಾಲ ಹಾಸಿನ ಮೇಲೆ ಭೂಮಿಯ ಗುರುತ್ವ ಬರಬೇಕಾದರೆ ಅದರ ದಪ್ಪ ಭೂಮಿಯ ತ್ರಿಜ್ಯದ ಮೂರನೇ ಎರಡರಷ್ಟು, ಅಂದರೆ ಸುಮಾರು 4,250 ಕಿ.ಮೀ. ಇರಬೇಕು. ಸುಮಾರು 63.7 ಲಕ್ಷ ಕಿ.ಮೀ. ತ್ರಿಜ್ಯದ ಅಂಥ ತಟ್ಟೆಯ ದ್ರವ್ಯರಾಶಿ ಒಂದೂವರೆ ಸೂರ್ಯನಷ್ಟಾಗುತ್ತದೆ, ಬಂಧನ ಶಕ್ತಿ ಸುಮಾರು 8 × 10⁴⁰ ಜೂಲ್. ಎರಡನೇ ಊಹೆಯ ಮೂರನೇ ಒಂದರಷ್ಟು. ಬೇರೆ ಬೇರೆ ಆಕಾರ ಹಿಡಿದರೂ ಗುರುತ್ವವನ್ನು ಗೌರವಿಸಿದ ಎರಡು ಊಹೆಗಳು ಇಷ್ಟು ಹತ್ತಿರ ಬಂದವೆಂಬುದು ನನಗೆ ಈ ಲೆಕ್ಕದಲ್ಲಿ ತುಂಬಾ ಇಷ್ಟವಾದ ಸಂಗತಿ.

ನಾಲ್ಕನೇ ಊಹೆ: ಒಳಲೋಕ ಗ್ರಹದ ಆಧಾರದ ಮೇಲೆ ನಿಂತಿತ್ತು, ಆಧಾರ ಹೋದಾಗ ಅದೂ ಹೋಯಿತು. ಖಳನಾಯಕನ ಪಾಲಿಗೆ 2.24 × 10³² ಜೂಲ್ ಮಾತ್ರ.

ಒಂದೇ ಪ್ರಸಂಗದಿಂದ 10³²ರಿಂದ 10⁴⁷ರವರೆಗೆ ಅಂಕಿಗಳು ಬಂದವು. ಈ ಅಂತರವನ್ನು ಇನ್ನಷ್ಟು ಸೂಕ್ಷ್ಮ ಗಣಿತದಿಂದ ತುಂಬಲು ಆಗುವುದಿಲ್ಲ. ಮೂರನೇ ಹಂತದಲ್ಲಿ ಗುರುತಿಸಿದ ಸಂಬಂಧವೇ ಇವುಗಳಲ್ಲಿ ಒಂದನ್ನು ಆರಿಸಬೇಕು. ಬೆಸೆದುಕೊಂಡ ಲೋಕವೆಂದು ತೋರಿಸಿದ್ದರೆ ಎರಡನೆಯದೋ ಮೂರನೆಯದೋ. ಬಾಗಿಲೋ ಕನಸೋ ಆಗಿದ್ದರೆ ನಾಲ್ಕನೆಯದು. ಮೊದಲನೆಯದನ್ನು ಆರಿಸಬೇಕಾದರೆ ಒಳಗಿನವರು ಸಾವಿರ ಪಟ್ಟು ಗುರುತ್ವದಲ್ಲಿ ಬದುಕುತ್ತಾರೆಂದು ಕೃತಿಯೇ ಹೇಳಿರಬೇಕು.

ಕೆಲವು ಕೃತಿಗಳಲ್ಲಿ ನಾಶವಾಗುವುದು ವಸ್ತುವಲ್ಲ, ಅವಕಾಶ, ಅಂದರೆ ವಸ್ತುಗಳಿರುವ ಜಾಗವೇ. ಆಕಾಶವೇ ಹರಿದು, ದೂರಗಳೇ ಅಳಿಸಿಹೋಗುತ್ತವೆ. ಅಂಥದಕ್ಕೆ ಜೂಲ್‌ನಲ್ಲಿ ಬೆಲೆ ಕಟ್ಟಲು ಪ್ರಾಮಾಣಿಕವಾದ ಸೂತ್ರವಿಲ್ಲ. ಅದನ್ನು ವಿಶೇಷ ಸಾಮರ್ಥ್ಯವೆಂದು ಬೇರೆ ಸಾಲಿನಲ್ಲಿ ಬರೆದು, ಎಷ್ಟು ವಿಸ್ತಾರಕ್ಕೆ ಹಬ್ಬಿತೆಂದು ನಮೂದಿಸಿ. ಅವಕಾಶವನ್ನು ಹರಿಯಬಲ್ಲವನ ಮುಷ್ಟಿಯ ಏಟೂ ಅಷ್ಟೇ ದೊಡ್ಡದೆಂದು ಅದರಿಂದ ಸಿದ್ಧವಾಗುವುದಿಲ್ಲ.

ಹಂತ 8: ತಾಳಿಕೊಂಡವನ ಪಾಲೆಷ್ಟು ಎಂದು ನೋಡಿ

ಒಳಲೋಕ ಸಿಡಿದಾಗ ಅದರೊಳಗೇ ಇದ್ದು ಬದುಕಿಬಂದವನಿಗೆ ಸ್ಫೋಟದ ಇಡೀ ಶಕ್ತಿಯನ್ನು ಬರೆದುಕೊಡುವುದು ವಾಡಿಕೆ. ಶಕ್ತಿ ಎಲ್ಲ ದಿಕ್ಕಿಗೂ ಹರಡುತ್ತದೆ, ದೂರದ ವರ್ಗಕ್ಕೆ ತಕ್ಕಂತೆ ತೆಳುವಾಗುತ್ತದೆ. 10⁴⁴ ಜೂಲ್‌ನ ಸ್ಫೋಟವನ್ನು ಭೂಮಿ ಸೂರ್ಯರ ನಡುವಿನಷ್ಟು, ಅಂದರೆ ಸುಮಾರು 15 ಕೋಟಿ ಕಿ.ಮೀ. ದೂರದಲ್ಲಿ ಎದುರಿಸಿದವನ ಮೈಯ ಒಂದು ಚದರ ಮೀಟರಿಗೆ ತಾಗುವುದು 3.5 × 10²⁰ ಜೂಲ್. ಇದೂ ಅಪಾರವೇ: 1961ರಲ್ಲಿ ಸೋವಿಯತ್ ಒಕ್ಕೂಟ ಸಿಡಿಸಿದ, ಸುಮಾರು 50 ಮೆಗಾಟನ್‌ನ, ಇತಿಹಾಸದಲ್ಲೇ ಅತಿ ದೊಡ್ಡ ಬಾಂಬಿನ 1,600 ಪಟ್ಟಿಗಿಂತ ಹೆಚ್ಚು. ಆದರೂ ಮೂಲ ಅಂಕಿಗಿಂತ 23 ಸೊನ್ನೆಗಳಷ್ಟು ಕೆಳಗೆ. ಪಾತ್ರ ಎಲ್ಲಿ ನಿಂತಿತ್ತು ಎಂಬುದನ್ನು ಚಿತ್ರದಿಂದಲೋ ವರ್ಣನೆಯಿಂದಲೋ ತೆಗೆಯಲು ಆಗದಿದ್ದರೆ, ತಾಳಿಕೆಯ ಅಂಕಿಯನ್ನು ಬರೆಯದೆ ಬಿಡುವುದೇ ಸರಿ.

ಗ್ರಹದ ಹೊರಚಿಪ್ಪಿಗೂ ಇದೇ ಮಾತು. ಒಳಗೆ ನಕ್ಷತ್ರಗಳು ಸಿಡಿದರೂ ಗ್ರಹ ಬಿರುಕು ಬಿಡಲಿಲ್ಲ, ಆದ್ದರಿಂದ ಗ್ರಹದ ಕಲ್ಲು ನಕ್ಷತ್ರಸ್ಫೋಟ ತಡೆಯುವಷ್ಟು ಗಟ್ಟಿ, ಅದನ್ನು ಒಡೆದವನು ಇನ್ನೂ ಗಟ್ಟಿ ಎಂಬ ಸರಪಳಿ ವಾದ ಆಗಾಗ ಕೇಳಿಬರುತ್ತದೆ. ಅದೇ ಕಲ್ಲಿಗೆ ಹೊರಗೆ ರೈತನೊಬ್ಬನ ಗುದ್ದಲಿ ನಾಟುತ್ತದೆಯೇ ನೋಡಿ. ನಾಟುವುದಾದರೆ ಕಲ್ಲು ಮಾಮೂಲಿ ಕಲ್ಲೇ. ಒಳಗಿನ ಏಟು ಅದನ್ನು ಮುಟ್ಟುತ್ತಲೇ ಇರಲಿಲ್ಲ.

ಹಂತ 9: ಅದೇ ಪಾತ್ರದ ಉಳಿದ ಪ್ರಸಂಗಗಳ ಜೊತೆ ಇಟ್ಟು ನೋಡಿ, ತೀರ್ಪು ಬರೆಯಿರಿ

ಈ ಏಟಿಗೆ ಮುಂಚೆ ಮತ್ತು ಆಮೇಲೆ ಆ ಪಾತ್ರ ಏನು ಮಾಡಿತು? ತನ್ನ ಪೂರ್ಣ ಬಲದಿಂದ ಒಂದು ಪರ್ವತಶ್ರೇಣಿಯನ್ನು ನೆಲಸಮ ಮಾಡಿ ಬಸವಳಿದವನು, ಮುಂದಿನ ವಾರ ಮೂರು ಸೂರ್ಯರಷ್ಟು ವಸ್ತುವನ್ನು ಚೆದುರಿಸಿದನೆಂದರೆ ನಡುವೆ ಏನಾದರೂ ಕಾರಣ ಇರಬೇಕು. ಕಾರಣವಿದ್ದರೆ ದಾಖಲಿಸಿ. ಇಲ್ಲದಿದ್ದರೆ ದೊಡ್ಡ ಅಂಕಿ ನಮ್ಮ ಊಹೆಯಿಂದ ಬಂದಿದೆಯೆಂದು ಅನುಮಾನಿಸಿ, ಕೃತಿಯನ್ನು ದೂರುವ ಮೊದಲು.

ತೀರ್ಪನ್ನು ಒಂದೇ ಅಂಕಿಯಾಗಿ ಬರೆಯಬೇಡಿ. ಮೇಲಿನ ಪ್ರಸಂಗಕ್ಕೆ ನಾನು ಬರೆಯುವುದು ಹೀಗೆ:

"ಖಚಿತ: ಭೂಮಿಯಷ್ಟು ಗ್ರಹವನ್ನು ಚೆದುರಿಸಿದ್ದಾನೆ, ಕನಿಷ್ಠ 2.24 × 10³² ಜೂಲ್. ಸಾಧ್ಯ: ಒಳಲೋಕವನ್ನೂ ಅದೇ ಏಟಿನಿಂದ ಚೆದುರಿಸಿದ್ದರೆ, ಅಲ್ಲಿನ ಗುರುತ್ವ ಭೂಮಿಯದೇ ಆಗಿದ್ದುದರಿಂದ, 8 × 10⁴⁰ರಿಂದ 2.2 × 10⁴¹ ಜೂಲ್. ಎರಡನೆಯದು ನಿಲ್ಲಬೇಕಾದರೆ ಬೇಕಾದ ಪುರಾವೆ: ಹೊರಗಿನ ಏಟು ಒಳಕ್ಕೆ ದಾಟುತ್ತದೆಂದು ತೋರಿಸುವ ಒಂದು ದೃಶ್ಯ. 10⁴⁷ರ ಅಂಕಿಯನ್ನು ಕೈಬಿಟ್ಟಿದ್ದೇನೆ. ಕಾರಣ, ಒಳಗೆ ಮಕ್ಕಳು ಚೆಂಡಾಡುತ್ತಾರೆ."

ಇದರ ಕೆಳಗೆ ಯಾವ ಅಧ್ಯಾಯದವರೆಗೆ ಓದಿ ಬರೆದದ್ದೆಂದು ನಮೂದಿಸಿ. ಮುಂದಿನ ಸಂಪುಟದಲ್ಲಿ ಒಳಲೋಕದ ಒಬ್ಬನೇ ಒಬ್ಬ ನಿವಾಸಿ, ತನ್ನ ಊರು, ತನ್ನ ಕಡಲು ಇನ್ನೂ ಹಾಗೆಯೇ ಇವೆಯೆಂದು ಹೇಳುತ್ತ ಬೇರೊಂದು ಬಾಗಿಲಿನಿಂದ ಹೊರಬಂದರೆ, ಎರಡನೇ ಸಾಲನ್ನು ಹೊಡೆದುಹಾಕಿ. ಮೊದಲನೆಯದನ್ನು ಹಾಗೆಯೇ ಬಿಡಿ.